ಮೊದಲ ಚಹಾದ ಋಣ

ಹಳ್ಳಿಯ ಹುಡುಗ ಶಹರಕ್ಕೆ ಬಂದು ಕೆಟ್ಟುಹೋದ ಕತೆಯನ್ನು ನಾವು ಸಿನೆಮಾದಲ್ಲಿ ಎಷ್ಟು ಸಲ ನೋಡಿಲ್ಲ! 2005ರ ‘ಜೋಗಿ’ಯಲ್ಲಿ ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದ ತಾಯಿಯನ್ನು ಕಂಡು ಅಳದವರು ಕಡಿಮೆ. ಅತ್ತು ಹೊರಗೆ ಬಂದವರು ಹೇಳುವ ಮಾತು ಮಾತ್ರ ಒಂದೇ: “ಎಲ್ಲಾ ಸಹವಾಸ ದೋಷ ಮಾರಾಯ್ರೆ.” ಬದುಕಿನ ಬಹುಪಾಲನ್ನು ಮುಂಬಯಿಯಲ್ಲಿ ಕಳೆದು, ಈಗ ಖಾರಘರದಲ್ಲಿ ನಿವೃತ್ತನಾಗಿ ಕುಳಿತಿರುವ ನನಗೆ ಈ ಮಾತು ಸಾಲದು ಅನ್ನಿಸುತ್ತದೆ. ಸಹವಾಸವನ್ನು ಆರಿಸಿಕೊಳ್ಳುವ ಅವಕಾಶ ಆ ಹುಡುಗನಿಗೆ ಎಲ್ಲಿತ್ತು?

1988ರಲ್ಲಿ ಮೀರಾ ನಾಯರ್ ತೆಗೆದ ‘ಸಲಾಮ್ ಬಾಂಬೆ’ ಚಿತ್ರವನ್ನೇ ನೋಡಿ. ಕೃಷ್ಣ ಹಳ್ಳಿಯ ಹುಡುಗ. ಕಾಟ ಕೊಡುತ್ತಿದ್ದ ಅಣ್ಣನ ಬೈಕಿಗೆ ಬೆಂಕಿ ಹಚ್ಚಿದ್ದಾನೆ. ತಾಯಿ ಅವನನ್ನು ಸರ್ಕಸ್ಸಿಗೆ ಬಿಟ್ಟು, ಐನೂರು ರೂಪಾಯಿ ದುಡಿದು ತಂದರೆ ಮಾತ್ರ ಮನೆಗೆ ಬಾ ಎಂದಿದ್ದಾಳೆ. ಒಂದು ದಿನ ಅವನನ್ನು ಯಾವುದೋ ಕೆಲಸಕ್ಕೆ ಕಳಿಸಿ ಸರ್ಕಸ್ಸೇ ಡೇರೆ ಕಿತ್ತುಕೊಂಡು ಹೋಗಿಬಿಡುತ್ತದೆ. ಮುಂಬಯಿಗೆ ಬಂದಿಳಿದರೆ ಕೈಯಲ್ಲಿದ್ದುದೂ ಕಳವು. ಆ ಕಳ್ಳರಲ್ಲೇ ಒಬ್ಬ, ಚಿಲ್ಲಮ್ ಎಂಬ ಅಮಲುಕೋರ, ಅವನಿಗೆ ಗ್ರಾಂಟ್ ರೋಡಿನ ಚಹಾದಂಗಡಿಯಲ್ಲಿ ಕೆಲಸ ಕೊಡಿಸುತ್ತಾನೆ. ಆಮೇಲೆ ಒಬ್ಬ ಪಾರ್ಸಿ ಮುದುಕನ ಮನೆಯ ಲೂಟಿ, ಬಾಲಾಪರಾಧಿಗಳ ಗೃಹ, ಕೊನೆಗೆ ಒಂದು ಕೊಲೆ. ಕೃಷ್ಣನ ಪಾತ್ರ ಮಾಡಿದ ಶಫೀಕ್ ಸೈಯದ್ ನಮ್ಮ ಬೆಂಗಳೂರಿನವರು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, ಮುಂದೆ ಬೆಂಗಳೂರಿಗೆ ಮರಳಿ ಆಟೋ ಓಡಿಸಿ ದುಡಿದು ತಿಂದರು.

ಚಿತ್ರದ ಕೃಷ್ಣನಿಗೆ ದುರಾಸೆಯೇ ಇಲ್ಲ. ಅವನಿಗೆ ಬೇಕಾದದ್ದು ಐನೂರು ರೂಪಾಯಿ ಮತ್ತು ಊರಿನ ದಾರಿ. ಆದರೂ ಚಿಲ್ಲಮ್‌ನನ್ನು ಬಿಡಲು ಅವನಿಗಾಗುವುದಿಲ್ಲ. ಕೂಡಿಟ್ಟ ಹಣವನ್ನು ಅದೇ ಚಿಲ್ಲಮ್ ಅಮಲಿಗಾಗಿ ಕದಿಯುತ್ತಾನೆ. ಹುಡುಗನನ್ನು ಅವನಿಗೆ ಕಟ್ಟಿಹಾಕಿದ್ದು ಕೃತಜ್ಞತೆ. ನಾವು ಮಕ್ಕಳಿಗೆ ಕಲಿಸುವ ಒಳ್ಳೆಯ ಗುಣ.

ನಾನು ಬ್ಯಾಂಕಿಗೆ ಸೇರಿದ ಕಾಲದಲ್ಲಿ ಉಳಿತಾಯ ಖಾತೆ ತೆರೆಯಬೇಕಾದರೆ ಹಳೆಯ ಗ್ರಾಹಕರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಹೋಟೆಲಿನ ಹುಡುಗರು ಬರುತ್ತಿದ್ದರು. “ನಿನ್ನನ್ನು ಬಲ್ಲವರು ಯಾರಪ್ಪ?” ಎಂದರೆ ಗಲ್ಲೆಯ ಮೇಲೆ ಕೂರುವ ಧಣಿಯ ಹೆಸರು ಹೇಳುತ್ತಿದ್ದರು. ಇಷ್ಟು ದೊಡ್ಡ ಶಹರದಲ್ಲಿ ಅವರನ್ನು ಬಲ್ಲವರು ಅವರೊಬ್ಬರೇ. ಆ ಧಣಿ ಒಳ್ಳೆಯವರಾಗಿದ್ದರೆ ಹುಡುಗ ಬದುಕಿದ. ಆ ಜಾಗದಲ್ಲಿ ಮಟ್ಕಾದವನೋ ಸಾರಾಯಿ ಅಡ್ಡೆಯವನೋ ಇದ್ದಿದ್ದರೆ? ಹುಡುಗ ಅದೇ, ಗುಣ ಅದೇ, ಸಹಿ ಹಾಕಿದವನು ಮಾತ್ರ ಬೇರೆ.

ಈ ಋಣದ ಪ್ರಶ್ನೆ ನಮಗೆ ಹೊಸತಲ್ಲ. ಕುಲ ಕೇಳಿ ಎಲ್ಲರೂ ಹೀಗಳೆದ ಸಭೆಯಲ್ಲಿ ಕರ್ಣನ ಕೈಹಿಡಿದವನು ದುರ್ಯೋಧನ. ಉಂಡ ಅನ್ನಕ್ಕೆ ಒಡೆಯನಿಗಾಗಿ ಪ್ರಾಣ ಕೊಡುವುದನ್ನು ಪಂಪನ ಕಾಲದಲ್ಲಿ ಜೋಳದ ಪಾಳಿ ಎನ್ನುತ್ತಿದ್ದರು. ತಾಳಮದ್ದಳೆಯಲ್ಲಿ ಕರ್ಣಭೇದನ ಕೇಳುವಾಗ, ಕೃಷ್ಣ ಕೊಡುವ ರಾಜ್ಯವನ್ನು ಕರ್ಣ ಬೇಡವೆಂದಾಗ, ಇಲ್ಲಿಯ ಸಭೆಯಲ್ಲೂ ಕಣ್ಣೊರೆಸಿಕೊಳ್ಳುವವರಿದ್ದಾರೆ. ಅದೇ ನಿಷ್ಠೆಯನ್ನು ಗಲ್ಲಿಯ ಹುಡುಗ ತೋರಿಸಿದರೆ ಅವನು ಗೂಂಡಾ. ಇದು ನ್ಯಾಯವೇ?

ಹಾಗಂತ ಹುಡುಗನದು ತಪ್ಪೇ ಅಲ್ಲ ಎನ್ನಲು ನಾನು ತಯಾರಿಲ್ಲ. ಸಾಲಕ್ಕೆ ಅಡವು ಇಡುವವನು ತನ್ನ ಸೊತ್ತನ್ನು ಇಡಬೇಕು, ಮಂದಿಯದನ್ನಲ್ಲ. ಕರ್ಣ ತನ್ನ ಪ್ರಾಣ ಕೊಟ್ಟದ್ದು ಅವನ ಹಕ್ಕು. ಆದರೆ ದ್ರೌಪದಿಯ ಮಾನ ಹೋಗುವಾಗ ದುರ್ಯೋಧನನ ಕಡೆ ನಿಂತನಲ್ಲ, ಆ ಮಾನ ಅವನ ಸೊತ್ತಾಗಿರಲಿಲ್ಲ. ಪಾರ್ಸಿ ಮುದುಕನ ಮನೆಯೂ ಕೃಷ್ಣನ ಸೊತ್ತಲ್ಲ. ಋಣ ನಿಜ, ಅದನ್ನು ಮೈಮುರಿದು ದುಡಿದು ತೀರಿಸಬಹುದು, ಮೂರನೆಯವನ ಕಣ್ಣೀರಿನಿಂದ ತೀರಿಸಲಾಗದು.

ಹದಿಹರೆಯದವನಿಗೆ ಈ ಲೆಕ್ಕ ತಿಳಿಯುತ್ತದೆಯೇ ಎಂದು ನೀವು ಕೇಳಬಹುದು. 2015ರ ಬಾಲನ್ಯಾಯ ಕಾಯ್ದೆಯೂ ಅದನ್ನೇ ಕೇಳುತ್ತದೆ. ಹದಿನಾರು ದಾಟಿದ ಹುಡುಗ ಘೋರ ಅಪರಾಧ ಮಾಡಿದ್ದಾನೆಂಬ ಆರೋಪ ಬಂದಾಗ, ಪರಿಣಾಮ ತಿಳಿಯುವ ಶಕ್ತಿ ಅವನಿಗಿತ್ತೇ, ಯಾವ ಸಂದರ್ಭದಲ್ಲಿ ಮಾಡಿದ ಎಂದು ಮಂಡಳಿ ಮೊದಲು ನೋಡಬೇಕು. ಆದರೆ ಕಾನೂನು ಬರುವುದು ಎಲ್ಲ ಮುಗಿದ ಮೇಲೆ. ಅದಕ್ಕೆ ಮೊದಲು ಬರಬೇಕಾದವರು ನಾವು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯವರು ಮುಂಬಯಿಯಲ್ಲಿ ರಾತ್ರಿ ಶಾಲೆ ನಡೆಸಿದರು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆಯೂ ಅಂಥದ್ದೇ. ಹಗಲು ಟೇಬಲ್ ಒರೆಸಿದ ಹುಡುಗ ರಾತ್ರಿ ಕನ್ನಡದಲ್ಲಿ ಪಾಠ ಕೇಳುತ್ತಿದ್ದ. ಧಣಿಯನ್ನು ಬಿಟ್ಟು ಇನ್ನೂ ನಾಲ್ಕು ಜನ ಅವನನ್ನು ಬಲ್ಲವರಾದರು. ಅಕ್ಷರದಷ್ಟೇ ದೊಡ್ಡ ಲಾಭ ಅದು. ಬಲ್ಲವರು ಹೆಚ್ಚಾದಷ್ಟೂ ಒಬ್ಬನ ಋಣದ ಹಿಡಿತ ಸಡಿಲವಾಗುತ್ತದೆ.

ಈಗ ಆಮಿಷದ ರೂಪ ಬದಲಾಗಿದೆ. “ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಕೊಡು, ನಾಲ್ಕು ಸಾವಿರ ಕೊಡುತ್ತೇನೆ” ಎನ್ನುವವರು ಹುಟ್ಟಿಕೊಂಡಿದ್ದಾರೆ. ಆನ್‌ಲೈನ್ ವಂಚನೆಯ ಹಣ ಆ ಖಾತೆಯ ಮೂಲಕ ಹಾಯುತ್ತದೆ. ಬ್ಯಾಂಕಿನವರು ಇದನ್ನು ಮ್ಯೂಲ್ ಖಾತೆ ಎನ್ನುತ್ತಾರೆ. ಮ್ಯೂಲ್ ಅಂದರೆ ಹೇಸರಗತ್ತೆ, ಮಂದಿಯ ಹೊರೆ ಹೊರುವ ಪ್ರಾಣಿ. ಪೊಲೀಸರು ಮೊದಲು ತಟ್ಟುವುದು ಖಾತೆದಾರನ ಬಾಗಿಲನ್ನು. ಕೇಳಿದರೆ ಹುಡುಗ ಹೇಳುವುದು, “ಅಣ್ಣ ಕೆಲಸ ಕೊಡಿಸಿದ್ದ ಸರ್, ಇಲ್ಲ ಅನ್ನೋದು ಹೇಗೆ?”

ಖಾರಘರದಲ್ಲಿ ಏಳುತ್ತಿರುವ ಕಟ್ಟಡಗಳ ಕೆಳಗೆ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬಿದ್ದಾಗ ನಾನು ನಿಂತು “ಯಾವೂರು?” ಎಂದು ಕೇಳುತ್ತೇನೆ. ಇದು ಉಪಕಾರವೇನಲ್ಲ, ಬಲ್ಲವರ ಪಟ್ಟಿಗೆ ಇನ್ನೊಂದು ಹೆಸರು ಸೇರಿಸುವುದು ಅಷ್ಟೆ. ಊರಿನಲ್ಲಿರುವ ನಿಮ್ಮಲ್ಲಿ ನನ್ನದೊಂದು ಮಾತು. ಮಗನನ್ನು ಬಸ್ಸು ಹತ್ತಿಸುವಾಗ “ದುಡಿದು ಕಳಿಸು” ಎನ್ನಿ, ತಪ್ಪಿಲ್ಲ. ಜೊತೆಗೆ “ಬರಿಗೈಯಲ್ಲಿ ಬಂದರೂ ಬಾ” ಎಂದೂ ಹೇಳಿ. ಕೃಷ್ಣನ ತಾಯಿ ಹೇಳದೆ ಹೋದ ಮಾತು ಅದು. ಹಿಂದಕ್ಕೆ ಹೋಗಲು ಮನೆಯೊಂದಿದೆ ಎಂದು ಗೊತ್ತಿರುವ ಹುಡುಗನಿಗೆ, ಚಹಾ ಕೊಡಿಸಿದವನ ಮುಖ ನೋಡಿ “ಇದೊಂದು ನನ್ನಿಂದಾಗದು” ಎನ್ನಲು ಸ್ವಲ್ಪವಾದರೂ ಧೈರ್ಯ ಬಂದೀತು.