ಕೊಂಡ ವಸ್ತುವಿನ ಮೇಲೆ ಮಾರಿದವನ ಕೈ

ಬೆಲೆ ಕೊಟ್ಟು ಕೊಂಡ ವಸ್ತುವಿನ ಮೇಲೆ ಮಾರಿದವನಿಗೆ ಯಾವ ಅಧಿಕಾರ ಉಳಿಯುತ್ತದೆ? ವ್ಯಾಪಾರಧರ್ಮದಲ್ಲಿ ಈ ಪ್ರಶ್ನೆಗೆ ಬಹುಕಾಲದವರೆಗೆ ಹೆಚ್ಚಿನ ಚರ್ಚೆ ಬೇಕಿರಲಿಲ್ಲ. ಮಾಲೂರಿನ ಕಾರ್ಖಾನೆಯಿಂದ ತಂದ ಹೆಂಚನ್ನು ಮನೆಗೆ ಹೊದಿಸಿದ ಮೇಲೆ ಕಾರ್ಖಾನೆಯವರು ರಾತ್ರಿ ಬಂದು, ಇದಕ್ಕಿಂತ ಉತ್ತಮವಾದ ಹೆಂಚು ತಯಾರಾಗಿದೆಯೆಂದು ಹಳೆಯದನ್ನು ಇಳಿಸಿ ಹೊಸದನ್ನು ಹೊದಿಸಿ ಹೋಗುವುದಿಲ್ಲ. ಹಾಗೆ ಮಾಡಿದರೆ, ಹೊಸ ಹೆಂಚು ನಿಜವಾಗಿಯೂ ಉತ್ತಮವಾಗಿದ್ದರೂ, ಮನೆಯ ಯಜಮಾನನು ಬೆಳಿಗ್ಗೆ ಎದ್ದು ಕೇಳದೆ ಇರಲಾರನು. ಇಂದು ಕಂಪ್ಯೂಟರಿನಲ್ಲಿ ಆಡುವ ಆಟಗಳ ವಿಷಯದಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ. ಕೇಳುವವರು ಹುಡುಗರಾದ್ದರಿಂದ ಆ ಮಾತಿಗೆ ಹಿರಿಯರಲ್ಲಿ ಬೆಲೆ ಬಂದಿಲ್ಲ.

ಹಿರಿಯ ವಾಚಕರ ಸಲುವಾಗಿ ಇದರ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಹಿಂದೆ ಆಟವು ಸಿ.ಡಿ.ಯಲ್ಲಿ ಬರುತ್ತಿತ್ತು, ಕೊಂಡವನ ಕಪಾಟಿನಲ್ಲಿರುತ್ತಿತ್ತು. ಈಗ ಆಟ ಮಾರುವ ಸಂಸ್ಥೆಯ ಒಂದು ಪ್ರೋಗ್ರಾಂ ಮೊದಲು ಕಂಪ್ಯೂಟರಿನಲ್ಲಿ ನೆಲೆಯೂರುತ್ತದೆ. ಅದರ ಮೂಲಕವೇ ಆಟವನ್ನು ಕೊಳ್ಳಬೇಕು, ತರಿಸಿಕೊಳ್ಳಬೇಕು, ತೆರೆಯಬೇಕು. ಇದಕ್ಕೆ ಕ್ಲೈಂಟ್ ಎಂದು ಹೆಸರು. (ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕ್ಲೈಂಟ್ ಎಂದರೆ ಗಿರಾಕಿ. ಇಲ್ಲಿ ಗಿರಾಕಿಯ ಮನೆಯೊಳಗೆ ಕುಳಿತ ಅಂಗಡಿಯ ಗುಮಾಸ್ತನೆಂದು ತಿಳಿದರೆ ಅರ್ಥಕ್ಕೆ ಹತ್ತಿರವಾದೀತು.) ಅಮೆರಿಕದ ವಾಲ್ವ್ ಸಂಸ್ಥೆಯು 2003ರಲ್ಲಿ ಆರಂಭಿಸಿದ ಸ್ಟೀಮ್ ಇವುಗಳಲ್ಲಿ ಪ್ರಸಿದ್ಧವಾದುದು. ಈ ಗುಮಾಸ್ತನು ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಾನೆ. ಆಟಗಳನ್ನೂ ಹೊಸದು ಮಾಡುತ್ತಾನೆ. ಆಟದ ಅಪ್‌ಡೇಟ್ ಈಗಲೇ ಆಗಬೇಕೆ, ಇಂತಹ ವೇಳೆಯಲ್ಲಿ ಆಗಬೇಕೆ, ಆಟ ತೆರೆದಾಗ ಆಗಬೇಕೆ ಎಂದು ಗೊತ್ತುಪಡಿಸಬಹುದು. ಎಂದಿಗೂ ಬೇಡ ಎನ್ನುವುದಕ್ಕೆ ಅಲ್ಲಿ ಸ್ಥಳವಿಲ್ಲ. ಗಿರಾಕಿಗೆ ಬಿಟ್ಟಿರುವ ಆಯ್ಕೆ ಹೊತ್ತಿನದು, ಒಪ್ಪಿಗೆಯದಲ್ಲ.

ಮುಳಬಾಗಿಲಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಪರೀಕ್ಷೆ ಮುಗಿದಿದೆ, ಭಾನುವಾರ ಒಂದು ಗಂಟೆ ಆಡಲು ತಂದೆಯ ಅನುಮತಿ ದೊರೆತಿದೆ. ಮನೆಯಲ್ಲಿರುವ ಇಂಟರ್‌ನೆಟ್ ಎಂದರೆ ಫೋನಿನದು, ದಿನಕ್ಕೆ 2 ಜಿಬಿ. ಆಟವನ್ನು ತೆರೆದರೆ 30 ಜಿಬಿಯ ಅಪ್‌ಡೇಟ್ ಕಾದಿದೆ. 100 ಜಿಬಿಗೂ ಮೀರಿದ ಆಟಗಳಿರುವ ಕಾಲದಲ್ಲಿ ಇದೇನೂ ಅತಿಶಯದ ಲೆಕ್ಕವಲ್ಲ. ದಿನದ ಪಾಲನ್ನೆಲ್ಲ ಇದಕ್ಕೇ ಸುರಿದರೂ 15 ದಿನ ಬೇಕು. ನಿನ್ನೆ ಸರಿಯಾಗಿ ನಡೆಯುತ್ತಿದ್ದ ಆಟ ಇಂದು ತೆರೆಯುವುದಿಲ್ಲ.

“ಹೋಗ್ಲಿ ಬಿಡೋ, ಆಟ ತಾನೆ?” ಎನ್ನುತ್ತಾರೆ ತಂದೆ.

“ದುಡ್ಡು ಕೊಟ್ಟು ತಗೊಂಡಿದ್ದು ಅಪ್ಪಾ” ಎನ್ನುತ್ತಾನೆ ಮಗ.

ತಂದೆಯ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳಬೇಕೆಂದು ಶ್ರಾವಕನಿಗೆ ವಿಧಿಸಿರುವಾಗ ಆಟವೊಂದು ನಿಂತುದಕ್ಕೆ ಮರುಗುವುದು ಹೆಚ್ಚೆನಿಸಬಹುದು. ಆದರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತಿವೆ. ಹುಡುಗನು ಆಟಕ್ಕೆ ಎಷ್ಟು ಅಂಟಿಕೊಂಡಿರಬೇಕು ಎಂಬುದು ಒಂದು. ಮಾರಿದವನು ನ್ಯಾಯವಾಗಿ ನಡೆದನೇ ಎಂಬುದು ಇನ್ನೊಂದು. ಬೇಳೆಯನ್ನು ತೂಗುವಾಗ ತಕ್ಕಡಿ ತಪ್ಪಿದರೂ, ಬಂಗಾರವನ್ನು ತೂಗುವಾಗ ತಪ್ಪಿದರೂ ನಷ್ಟದಲ್ಲಿ ಅಂತರವುಂಟು. ತೂಗಿದವನ ದೋಷದ ಜಾತಿಯಲ್ಲಿ ಅಂತರವಿಲ್ಲ. ಮಗನು ಎತ್ತಿದ್ದು ಎರಡನೆಯ ಪ್ರಶ್ನೆಯನ್ನು, ತಂದೆ ಉತ್ತರಿಸಿದ್ದು ಮೊದಲನೆಯದಕ್ಕೆ.

ಅಪ್‌ಡೇಟ್ ಎಂಬುದು ಯಾವಾಗಲೂ ಸೇರಿಸುವ ಕಾರ್ಯವೂ ಅಲ್ಲ. ಗ್ರ್ಯಾಂಡ್ ಥೆಫ್ಟ್ ಆಟೋ ಎಂಬ ಆಟಮಾಲಿಕೆಯ ನಾಲ್ಕನೆಯದು 2008ರಲ್ಲಿ ಬಂದಿತು. ಅದರಲ್ಲಿ ಬಳಸಿದ್ದ ಹಾಡುಗಳ ಪರವಾನಗಿಯ ಅವಧಿ ತೀರಿತೆಂದು 2018ರಲ್ಲಿ ಒಂದು ಅಪ್‌ಡೇಟಿನ ಮೂಲಕ ಅನೇಕ ಹಾಡುಗಳನ್ನು, ಹತ್ತು ವರ್ಷಗಳ ಹಿಂದೆಯೇ ಕೊಂಡವರ ಪ್ರತಿಗಳಿಂದಲೂ ತೆಗೆದುಹಾಕಲಾಯಿತು. (ಹೆಸರಿನಲ್ಲಿಯೇ ಕಳವನ್ನು ಹೊತ್ತಿರುವ, ಹಿಂಸೆಯೇ ವಿನೋದವಾಗಿರುವ ಈ ಆಟ ಶ್ರಾವಕರ ಮನೆಯಲ್ಲಿ ಇರಬೇಕೆ ಎಂಬುದು ಬೇರೆಯೇ ಲೇಖನಕ್ಕೆ ವಿಷಯ.) ಹಾಡಿನ ಒಡೆಯರಿಗೂ ಆಟದ ಸಂಸ್ಥೆಗೂ ಇದ್ದ ಕರಾರಿನಲ್ಲಿ ಕೊಂಡವನು ಪಕ್ಷಗಾರನೇ ಆಗಿರಲಿಲ್ಲ. ಅದು ಮುಗಿದಾಗ ಕಳೆದುಕೊಂಡವನು ಮಾತ್ರ ಅವನು. ಇದಕ್ಕಿಂತ ಮುಂದೆ ಹೋದ ಪ್ರಸಂಗವೂ ಉಂಟು. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯು 2014ರಲ್ಲಿ ಹೊರತಂದ ದಿ ಕ್ರೂ ಎಂಬ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಒಬ್ಬರೇ ಆಡುವ ಭಾಗವೂ ಅದರೊಂದಿಗೆ ಮುಗಿಯಿತು. ಇದರಿಂದ ಹುಟ್ಟಿದ ಚಳವಳಿಯ ಮನವಿಗೆ 2025ರ ಜುಲೈ ವೇಳೆಗೆ ಯೂರೋಪಿನಲ್ಲಿ 10 ಲಕ್ಷಕ್ಕೂ ಮೀರಿ ಸಹಿಗಳು ಬಿದ್ದವು.

ಸಂಸ್ಥೆಗಳ ಪಕ್ಷದಲ್ಲಿ ಹೇಳತಕ್ಕ ಮಾತುಗಳಿವೆ. ಪ್ರೋಗ್ರಾಂನಲ್ಲಿ ಲೋಪ ಕಂಡುಬಂದು ಕಳ್ಳರು ಒಳನುಗ್ಗುವಂತಿದ್ದರೆ ಅದನ್ನು ಕೂಡಲೇ ಮುಚ್ಚುವುದು ಮಾರಿದವನ ಕರ್ತವ್ಯವೇ. ಹತ್ತಾರು ಊರುಗಳವರು ಕೂಡಿ ಆಡುವ ಆಟದಲ್ಲಿ ಎಲ್ಲರ ಪ್ರತಿಯೂ ಒಂದೇ ಆಗಿರಬೇಕು. ಒಬ್ಬನ ಪಗಡೆಹಾಸಿನಲ್ಲಿ ಒಂದು ಮನೆ ಹೆಚ್ಚಿದ್ದರೆ ಪಗಡೆ ನಡೆಯದು. ನಿಯಂತ್ರಣವೆಂದ ಮಾತ್ರಕ್ಕೆ ಅದು ದೋಷವೂ ಅಲ್ಲ. 2021ರಲ್ಲಿ ಬಂದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾದಲ್ಲಿ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿಯನ್ನು ಮೊದಲೇ ಸಾರಿ ಹಾಕಲಾಯಿತು. ಯಂತ್ರ ಹಾಕಿದ ಬೀಗವು ವ್ರತವಾಗಲಾರದು ನಿಜ, ವ್ರತವು ತಾನಾಗಿ ಸ್ವೀಕರಿಸಿದ್ದು. ಆದರೂ ಮುಂಚಿತವಾಗಿ ತಿಳಿಸಿ, ಆಡುವವನ ಹಿತಕ್ಕಾಗಿ ಹಾಕಿದ ಆ ಮಿತಿಯನ್ನು ಮೋಸವೆನ್ನುವವರಿಲ್ಲ.

ಇಲ್ಲಿ ಬಸದಿಯ ಜೀರ್ಣೋದ್ಧಾರವನ್ನು ನೆನೆಯಬಹುದು. ಸೋರುವ ಛಾವಣಿಯನ್ನು ರಿಪೇರಿ ಮಾಡಿಸಲು ಟ್ರಸ್ಟಿನ ಕಾರ್ಯದರ್ಶಿಯು ಸಭೆ ಸೇರುವವರೆಗೆ ಕಾಯಬೇಕಾಗಿಲ್ಲ. ಕಾದರೆ ಅದೇ ತಪ್ಪು. ಅದೇ ಕಾರ್ಯದರ್ಶಿಯು ಗರ್ಭಗೃಹದ ಬಾಗಿಲವಾಡವನ್ನು ಬದಲಿಸಿ ಹಳೆಯದನ್ನು ಹೊರಗೆ ಹಾಕಿಸಿದರೆ, ಹೊಸದು ಎಷ್ಟೇ ಸುಂದರವಾಗಿದ್ದರೂ ಸಂಘವು ಒಪ್ಪುವುದಿಲ್ಲ. ಕ್ಲೈಂಟ್ ಎಂಬ ಗುಮಾಸ್ತನು ಈ ಎರಡನ್ನೂ ಅಪ್‌ಡೇಟ್ ಎಂಬ ಒಂದೇ ಪದದಿಂದ ಕರೆದು, ಒಂದೇ ಕೈಯಿಂದ ಮಾಡುತ್ತಾನೆ. ಬೇಡವೆಂದರೆ ರಿಪೇರಿಯೂ ಇಲ್ಲ, ಆಟವೂ ಇಲ್ಲ. ಹಳೆಯ ಕಂಪ್ಯೂಟರುಗಳ ವಿಷಯದಲ್ಲಂತೂ ಅವನೇ ಬಾಗಿಲು ಮುಚ್ಚಿಕೊಳ್ಳುವುದುಂಟು. 2024ರ ಜನವರಿ 1ರಿಂದ ಸ್ಟೀಮ್ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲವನ್ನು ನಿಲ್ಲಿಸಿತು. ಆ ಯಂತ್ರಕ್ಕೆಂದೇ ಮಾಡಿದ ಆಟ ಅದೇ, ಯಂತ್ರವೂ ಅದೇ. ಗುಮಾಸ್ತನು ಮಾತ್ರ ತಾನಿನ್ನು ಈ ಮನೆಯ ಹೊಣೆ ಹೊರುವುದಿಲ್ಲವೆಂದನು.

ಸಂಸ್ಥೆಗಳ ಕೊನೆಯ ಉತ್ತರವೆಂದರೆ, ತಾವು ಮಾರಿದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು ಮಾತ್ರ ಎಂಬುದು. ಸ್ಟೀಮಿನ ಕರಾರಿನಲ್ಲಿ ಹಾಗೆಯೇ ಇದೆ. ಪರವಾನಗಿಯ ವ್ಯಾಪಾರ ಅಧರ್ಮವೇನಲ್ಲ. ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ವ್ಯಾಪಾರಿಯು ಮರದ ಮೇಲಿನ ಫಸಲನ್ನು ಕೊಳ್ಳುತ್ತಾನೆ. ಮರ ರೈತನದಾಗಿಯೇ ಉಳಿಯುತ್ತದೆ. ಕಾಯಿ ಇಳಿಸಿದ ಮೇಲೆ ತೋಟದಿಂದ ಹೊರಡಬೇಕೆಂದು ಇಬ್ಬರಿಗೂ ಮೊದಲೇ ಗೊತ್ತು. ಬೆಲೆಯೂ ಅದಕ್ಕೆ ತಕ್ಕಂತೆ ಕುದುರಿದೆ. ಫಸಲನ್ನು ಕೊಳ್ಳುವವನಿಗೆ ತೋಟದ ಕ್ರಯಪತ್ರವೆಂದು ಹೇಳಿ ಯಾರೂ ಕಾಗದ ಬರೆದುಕೊಡುವುದಿಲ್ಲ. ಇಲ್ಲಿಯಾದರೋ, ಉದ್ದನೆಯ ಕರಾರಿನ ಒಳಗೆ ಪರವಾನಗಿ ಎಂದಿದ್ದು, ಹಣ ಕೊಡುವ ಗುಂಡಿಯ ಮೇಲೆ ‘ಕೊಳ್ಳಿರಿ’ ಎಂದಿರುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸಿದೆ. ನ್ಯಾಸವೆಂದರೆ ನಂಬಿ ಇಟ್ಟ ಠೇವಣಿ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದನ್ನು ವಿವರಿಸುವ ರೀತಿ ಗಮನಾರ್ಹವಾದುದು. ಹೊನ್ನನ್ನು ಇಟ್ಟವನು ಎಣಿಕೆಯನ್ನು ಮರೆತು ಕಡಮೆ ಕೇಳುತ್ತಾನೆ. ಇಟ್ಟುಕೊಂಡವನು ಹೌದೆಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಅವನು ಬೀಗ ಒಡೆಯಲಿಲ್ಲ, ಕೇಳಿದ್ದನ್ನು ಕೊಡದೆಯೂ ಇರಲಿಲ್ಲ. ವ್ಯಾಪಾರಿಯ ಕಣ್ಣಿಗೆ ಇದು ಅಚೌರ್ಯದ ಪಟ್ಟಿಗೆ ಸೇರಬೇಕಾದ ದೋಷವೆನಿಸೀತು. ಶಾಸ್ತ್ರವು ಇದನ್ನು ಸತ್ಯದ ಪಟ್ಟಿಯಲ್ಲಿಟ್ಟಿದೆ. ಎದುರಿನವನ ಮರೆವಿನಿಂದ ತನಗೆ ಲಾಭವಾಗುತ್ತಿದ್ದಾಗ ‘ಹೌದು’ ಎಂದ ಆ ಮಾತೇ ದೋಷ. ಕೊಳ್ಳುವವನು ತಾನು ಆಟವನ್ನೇ ಕೊಂಡೆನೆಂದು ತಿಳಿದಿದ್ದಾನೆ. ಅವನು ಹಾಗೆ ತಿಳಿದಿರುವನೆಂದು ಮಾರುವವನಿಗೆ ಗೊತ್ತು. ಗುಂಡಿಯ ಮೇಲಿನ ಆ ಒಂದು ಪದವು ಠೇವಣಿದಾರನ ‘ಹೌದು’ ಎಂಬುದಕ್ಕಿಂತ ಬೇರೆಯೆಂದು ಹೇಳುವುದು ಕಷ್ಟ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2024ರಲ್ಲಿ ಮಾಡಿ 2025ರ ಜನವರಿ 1ರಿಂದ ಜಾರಿಗೆ ತಂದ ಕಾನೂನು ಕೈ ಹಾಕಿರುವುದು ಈ ಪದಕ್ಕೇ. ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎನ್ನಬಾರದೆಂದು ಅದು ವಿಧಿಸುತ್ತದೆ. ಜಾರಿಗೆ ಮೊದಲೇ, 2024ರ ಅಕ್ಟೋಬರಿನಲ್ಲಿ, ಸ್ಟೀಮ್ ಹಣ ಕೊಡುವ ಪುಟದಲ್ಲಿ ಅಂತಹ ಸೂಚನೆಯನ್ನು ಹಾಕಿತು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸಕಾರಣವಿಲ್ಲದೆ ಒಂದೇ ಪಕ್ಷವು ಕರಾರನ್ನು ಮುಗಿಸುವ ಷರತ್ತನ್ನು ಅನ್ಯಾಯದ ಕರಾರಿನ ಲಕ್ಷಣಗಳಲ್ಲಿ ಸೇರಿಸಿದೆ. ಆಟಗಳ ಹೆಸರು ಅಲ್ಲಿಲ್ಲ.

ಬೇರೆ ರೀತಿಯಲ್ಲಿ ವ್ಯಾಪಾರ ಮಾಡುವುದು ಅಸಾಧ್ಯವೆಂಬ ಮಾತೂ ನಿಲ್ಲದು. 2008ರಿಂದ ನಡೆಯುತ್ತಿರುವ ಪೋಲೆಂಡಿನ ಜಿ.ಒ.ಜಿ. ಎಂಬ ಅಂಗಡಿಯು ಕೊಂಡವರಿಗೆ ಆಟದ ಪೂರ್ಣ ಪ್ರತಿಯನ್ನೇ ಇಳಿಸಿಕೊಳ್ಳಲು ಕೊಡುತ್ತದೆ. ಅದನ್ನು ಡಿಸ್ಕಿನಲ್ಲಿಟ್ಟು ಕಪಾಟಿಗೆ ಸೇರಿಸಬಹುದು. ಕ್ಲೈಂಟ್ ಬೇಕಾದವರಿಗೆ ಅದೂ ಉಂಟು, ಬೇಡವಾದವರಿಗೆ ಬಲವಂತವಿಲ್ಲ. ಹೊಸ ಪರಿಷ್ಕರಣೆ ಬಂದಾಗ ಅಂಗಡಿಗೆ ಹೋಗಿ ತರುವುದೋ ಬಿಡುವುದೋ ಕೊಂಡವನಿಗೆ ಸೇರಿದ್ದು.

ಟ್ರಸ್ಟುಗಳವರು ಇದನ್ನು ಹುಡುಗರ ಜಗಳವೆಂದು ದೂರವಿಡುವಂತಿಲ್ಲ. ಕಾಣಿಕೆಯ ರಸೀದಿ, ಕಿರ್ದಿ, ಖಾತೆಗಳು ಅನೇಕ ಕಡೆ ಕಂಪ್ಯೂಟರಿಗೆ ಏರಿವೆ. ಆ ಪ್ರೋಗ್ರಾಂಗಳಲ್ಲಿ ಹಲವು ಇದೇ ಬಗೆಯ ಪರವಾನಗಿಯ ಮೇಲೆ ನಡೆಯುತ್ತವೆ, ತಾವಾಗಿಯೇ ಬದಲಾಗುತ್ತವೆ. ಹತ್ತು ವರ್ಷದ ಹಿಂದಿನ ಖಾತೆಯನ್ನು ಇಂದು ತೆರೆಯಲು ಆಗುತ್ತದೆಯೇ ಎಂದು ಒಮ್ಮೆ ಕಚೇರಿಯಲ್ಲಿ ಪ್ರಯತ್ನಿಸಿ ನೋಡಬಹುದು. ವರ್ಷದ ಕೊನೆಯಲ್ಲಿ ಪೂರ್ತಿ ಖಾತೆಯನ್ನು ಕಾಗದದ ಮೇಲೆ ಮುದ್ರಿಸಿ, ಪುಟಪುಟಕ್ಕೂ ಸಹಿ ಹಾಕಿಸಿ ತಿಜೋರಿಯಲ್ಲಿಡುವ ಹಳೆಯ ಗುಮಾಸ್ತರನ್ನು ಕಂಡು ನಗುವವರು ಆ ಪ್ರಯತ್ನವನ್ನು ಮೊದಲು ಮಾಡಲಿ.