ಹೆಪ್ಪಿನೊಳಗಿನ ಕರು

ಮನೆಯಲ್ಲಿ ಚೀಸ್ ಮಾಡುವುದು ಕೇಳಿದಷ್ಟು ಕಷ್ಟದ ಕೆಲಸವಲ್ಲ. ಹಾಲನ್ನು 32 ಡಿಗ್ರಿಯ ಆಸುಪಾಸಿಗೆ, ಅಂದರೆ ಉಗುರುಬೆಚ್ಚಗೆ ಕಾಸಿ, ಹೆಪ್ಪಿನ ಬ್ಯಾಕ್ಟೀರಿಯಾ ಸೇರಿಸಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ನೀರಿನಲ್ಲಿ ಕದಡಿದ ರೆನೆಟ್ಟಿನ ಕೆಲವೇ ಹನಿ. ಮುಕ್ಕಾಲು ಗಂಟೆಯೊಳಗೆ ಪಾತ್ರೆಯ ಹಾಲೆಲ್ಲ ಅಲುಗಾಡುವ ಗಡ್ಡೆಯಾಗುತ್ತದೆ. ಚಾಕುವಿನ ತುದಿಯನ್ನು ಓರೆಯಾಗಿ ಇಳಿಸಿ ಮೆಲ್ಲನೆ ಎತ್ತಿದರೆ ಸೀಳು ನೇರವಾಗಿ ಬಿಡಬೇಕು, ಸೀಳಿನೊಳಗೆ ತಿಳಿಹಸಿರು ಬಣ್ಣದ ನೀರು ತುಂಬಿಕೊಳ್ಳಬೇಕು. ಆಗ ಚೌಕಚೌಕವಾಗಿ ಕತ್ತರಿಸಿ, ಬಟ್ಟೆಯಲ್ಲಿ ಬಸಿದು, ಉಪ್ಪು ಹಾಕಿ, ಮೇಲೊಂದು ರುಬ್ಬುಗುಂಡು ಹೇರಿದರಾಯಿತು. ಹತ್ತು ಲೀಟರ್ ಹಾಲಿಗೆ ಸುಮಾರು ಒಂದು ಕಿಲೋ ಚೀಸ್ ಸಿಗುತ್ತದೆ, ಉಳಿದ ತಿಳಿ ಕೊಟ್ಟಿಗೆಯ ಕಲಗಚ್ಚಿಗೆ.

ಧರ್ಮಗಳು ಜಗಳವಾಡಿದ್ದು ಆ ಕೆಲವು ಹನಿಗಳ ಬಗ್ಗೆ.

ರೆನೆಟ್ ಎಂದರೆ ಮೂಲದಲ್ಲಿ ಹಾಲುಗರುವಿನ ನಾಲ್ಕನೆಯ ಹೊಟ್ಟೆ. ಅದನ್ನು ಒಣಗಿಸಿ, ತುಂಡುಮಾಡಿ, ಉಪ್ಪುನೀರಿನಲ್ಲಿ ನೆನೆಹಾಕಿದರೆ ಕೈಮೋಸಿನ್ ಎಂಬ ಕಿಣ್ವ ಬಿಟ್ಟುಕೊಳ್ಳುತ್ತದೆ. ಹಾಲಿನಲ್ಲಿ ತೇಲುವ ಪ್ರೋಟೀನಿನ ಕಣಗಳಿಗೆ ಕದಂಬದ ಹೂವಿನ ಹಾಗೆ ಸುತ್ತಲೂ ರೋಮವಿರುತ್ತದೆ. ಅವು ಒಂದಕ್ಕೊಂದು ಅಂಟದಿರುವುದು ಅದರಿಂದಲೇ. ಕೈಮೋಸಿನ್ ಆ ರೋಮವನ್ನು ಬೋಳಿಸುತ್ತದೆ. ಕುಡಿದ ಹಾಲು ಕರುವಿನ ಹೊಟ್ಟೆಯಲ್ಲಿ ಸರ್ರನೆ ಜಾರಿಹೋಗದೆ ಗಟ್ಟಿಯಾಗಿ ನಿಂತು ನಿಧಾನವಾಗಿ ಜೀರ್ಣವಾಗಲೆಂದು ಇರುವ ಏರ್ಪಾಟು ಇದು. ಕರು ಹುಲ್ಲಿಗೆ ಬಾಯಿಹಾಕಿ ದೊಡ್ಡದಾದಂತೆ ಈ ಕಿಣ್ವ ಕಡಿಮೆಯಾಗುತ್ತದೆ. ಹಾಗಾಗಿ ರೆನೆಟ್ಟಿಗೆ ಬೇಕಾದದ್ದು ಹಾಲು ಬಿಡದ ಎಳೆಗರುವೇ.

ಲಿಂಬೆಹುಳಿ ಹಿಂಡಿ ಹಾಲೊಡೆಸುವ, ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ನಮ್ಮ ಅಡುಗೆಮನೆಗೆ ಈ ಪ್ರಶ್ನೆ ಎದುರಾಗಿರಲೇ ಇಲ್ಲ. ಈಗ ಎದುರಾಗಿದೆ. ಬೆಂಗಳೂರಿನಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳು ಇಟಲಿಯ ಬಗೆಯ ಚೀಸ್ ಮಾಡುತ್ತಾರೆ, ನೀಲಗಿರಿಯ ಕೂನೂರಿನ ತೋಟದಲ್ಲೂ ಚೀಸ್ ಹಣ್ಣಾಗುತ್ತದೆ. ನಾಲ್ಕು ಹಸು ಕಟ್ಟಿದ ಮನೆಯವರು ಯಾರಾದರೂ ಕಲಿಯಲು ಹೊರಟರೆ, ಮನೆಯ ಹಿರಿಯರ ಮೊದಲ ಪ್ರಶ್ನೆ ‘ಅದಕ್ಕೆ ಏನು ಹಾಕ್ತಾರೆ?’ ಎಂಬುದೇ.

ಇದೇ ಪ್ರಶ್ನೆಯನ್ನು ಯಹೂದಿ ಪಂಡಿತರು ಸುಮಾರು 1,800 ವರ್ಷಗಳ ಹಿಂದೆ ಕೇಳಿಕೊಂಡಿದ್ದರು. ಅವರ ಧರ್ಮಸಂಹಿತೆಯಾದ ಮಿಶ್ನಾದಲ್ಲಿ ಇಬ್ಬರು ದಾರಿಯಲ್ಲಿ ನಡೆಯುತ್ತ ವಾದಿಸುವ ಪ್ರಸಂಗವಿದೆ. ಅನ್ಯಧರ್ಮದವರ ಚೀಸ್ ಏಕೆ ನಿಷಿದ್ಧ ಎಂದು ರಬ್ಬಿ ಇಶ್ಮಾಯೇಲ್ ಕೇಳುತ್ತಾರೆ. ವಿಧಿಪ್ರಕಾರ ಕೊಯ್ಯದ ಪ್ರಾಣಿಯ ರೆನೆಟ್ ಬಳಸುತ್ತಾರಲ್ಲ ಎನ್ನುತ್ತಾರೆ ರಬ್ಬಿ ಯೆಹೋಶುವ. ಇಶ್ಮಾಯೇಲ್ ಅದನ್ನು ಖಂಡಿಸುತ್ತಾರೆ. ಹಾಗಾದರೆ ವಿಗ್ರಹಕ್ಕೆ ಬಲಿಕೊಟ್ಟ ಕರುವಿನ ರೆನೆಟ್ ಎಂದು ಯೆಹೋಶುವ ಕಾರಣ ಬದಲಿಸುತ್ತಾರೆ. ಅದೂ ಬಿದ್ದುಹೋಗುತ್ತದೆ. ಆಗ ಯೆಹೋಶುವ ಥಟ್ಟನೆ ಮಾತು ತಿರುಗಿಸಿ, ಬೈಬಲ್ಲಿನ ಪ್ರೇಮಗೀತೆಯ ಒಂದು ಪದವನ್ನು ಹೇಗೆ ಓದಬೇಕು ಹೇಳಿ ನೋಡೋಣ ಎನ್ನುತ್ತಾರೆ! ಹೊಸ ನಿಷೇಧದ ನಿಜವಾದ ಕಾರಣವನ್ನು ಹನ್ನೆರಡು ತಿಂಗಳು ಹೊರಗೆ ಬಿಡುತ್ತಿರಲಿಲ್ಲ, ಕಾರಣ ಗೊತ್ತಾದರೆ ಒಪ್ಪದವರು ನಿಯಮವನ್ನೇ ಹಗುರ ಮಾಡಿಯಾರು ಎಂದು ತಾಲ್ಮುದ್ ಆಮೇಲೆ ಸಮಜಾಯಿಷಿ ಕೊಡುತ್ತದೆ. ಧರ್ಮಶಾಸ್ತ್ರದಲ್ಲಿ ಇಷ್ಟು ಪ್ರಾಮಾಣಿಕವಾದ ನುಣುಚಾಟ ಇನ್ನೊಂದು ಸಿಗುವುದು ಕಷ್ಟ.

ತಾಂತ್ರಿಕವಾಗಿ ನೋಡಿದರೆ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. ಪೋರ್ಚುಗಲ್ಲಿನ ಸೆರ್ರಾ ದ ಎಸ್ಟ್ರೆಲಾ ಬೆಟ್ಟಗಳ ಕುರಿಗಾಹಿಗಳು ಹಿಂದಿನಿಂದಲೂ ಕಾರ್ಡೂನ್ ಎಂಬ ಮುಳ್ಳುಗಿಡದ ಒಣಹೂವಿನಿಂದ ಹಾಲು ಗಟ್ಟಿಮಾಡುತ್ತಾರೆ. ಬೂಷ್ಟಿನಿಂದ ತೆಗೆದ ಕಿಣ್ವವೂ ಉಂಟು. 1990ರಲ್ಲಿ ಅಮೆರಿಕ, ಕರುವಿನ ವಂಶವಾಹಿಯನ್ನು ಸೂಕ್ಷ್ಮಾಣುವಿಗೆ ಸೇರಿಸಿ ತಯಾರಿಸಿದ ಕೈಮೋಸಿನ್‌ಗೆ ಒಪ್ಪಿಗೆ ಕೊಟ್ಟಿತು. ಹೊಟ್ಟೆಯ ಅಗತ್ಯವಿಲ್ಲ, ಕೊಲ್ಲುವ ಅಗತ್ಯವಿಲ್ಲ. ಭಾರತದ ನಿಯಮದಲ್ಲಂತೂ ಹಾಲು ಮತ್ತು ಹಾಲಿನ ಉತ್ಪನ್ನಗಳು ಮಾಂಸಾಹಾರದ ವ್ಯಾಖ್ಯೆಯಿಂದ ಮೊದಲೇ ಹೊರಗೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ನಿಶ್ಚಿಂತೆಯಾಗಿ ತಿನ್ನಬಹುದು.

ಆದರೆ ಕೊಟ್ಟಿಗೆ ಇರುವವರಿಗೆ ಆ ನಿಶ್ಚಿಂತೆ ಇಲ್ಲ. ಹಸು ಈಯದೆ ಹಾಲಿಲ್ಲ. ಈದ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಯುರೋಪಿನ ಚೀಸ್ ಸೀಮೆಗಳಲ್ಲಿ ರೆನೆಟ್ಟಿಗೆ ಹೊಟ್ಟೆ ಒದಗಿಸಿದ್ದು ಹೆಚ್ಚಾಗಿ ಈ ಬೇಡವಾದ ಕರುಗಳೇ. ಕೊಂದದ್ದು ರೆನೆಟ್ಟಿಗಾಗಿ ಅಲ್ಲ, ತಾಯಿಯ ಹಾಲು ಬೇಕಿತ್ತು, ಕರು ಬೇಕಿರಲಿಲ್ಲ. ಹೊಟ್ಟೆ ಸಿಕ್ಕಿದ್ದು ಬರೀ ಲಾಭ. ಹೆಪ್ಪು ಬದಲಾಯಿಸಿದ ಮಾತ್ರಕ್ಕೆ ಆ ಕರುವಿನ ಗತಿ ಏನೂ ಬದಲಾಗುವುದಿಲ್ಲ. ಹಿರಿಯರ ಪ್ರಶ್ನೆಯಲ್ಲಿ ‘ಅದಕ್ಕೆ ಏನು ಹಾಕ್ತಾರೆ’ ಎಂಬುದಕ್ಕಿಂತ ‘ಅದರಿಂದ ಯಾರನ್ನು ತೆಗೀತಾರೆ’ ಎಂಬುದು ಮೊದಲು ಬರಬೇಕಿತ್ತು.

ಹಳೆಯ ಶಾಸ್ತ್ರಕಾರರ ಕಣ್ಣು ಅಲ್ಲಿಗೆ ಹೋಗಿಲ್ಲವೆಂದಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದ ನಿಷಿದ್ಧ ಆಹಾರಗಳ ಪಟ್ಟಿಯಲ್ಲಿ ಈದು ಹತ್ತು ದಿನವಾಗದ ಹಸುವಿನ ಹಾಲಿದೆ, ಕರುವಿಲ್ಲದ ಹಸುವಿನ ಹಾಲೂ ಇದೆ. ಏಕೆಂದು ಶ್ಲೋಕ ಹೇಳುವುದಿಲ್ಲ. ಗಿಣ್ಣಿಗೂ ಅಲ್ಲಿ ಸ್ಪಷ್ಟ ನಿಷೇಧವಿದೆ. ಆದರೂ ಕರ್ನಾಟಕದಲ್ಲಿ ಹಸು ಈದ ಮನೆಯಿಂದ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ಅಕ್ಕಪಕ್ಕದ ಮನೆಗಳಿಗೆ ಹೋಗಿಯೇ ಹೋಗುತ್ತದೆ, ಶಾಸ್ತ್ರ ಬಲ್ಲವರೂ ಚಪ್ಪರಿಸುತ್ತಾರೆ. ಪಶುವೈದ್ಯರ ತಕರಾರು ಬೇರೆ. ಕರುವಿಗೆ ರೋಗನಿರೋಧಕ ಶಕ್ತಿ ಗರ್ಭದಲ್ಲಿ ದಾಟುವುದಿಲ್ಲ, ಗಿಣ್ಣುಹಾಲಿನಿಂದಲೇ ಬರಬೇಕು, ಅದನ್ನು ಕರುಳು ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಹಾಲು ಬೇಗ ಹೊಟ್ಟೆಗೆ ಹೋಗಬೇಕು. ಮಿಶ್ರತಳಿಯ ಹಸು ಅದಕ್ಕಿಂತ ಹೆಚ್ಚು ಕೊಡುವುದುಂಟು. ಆ ಮಿಕ್ಕಿದ್ದನ್ನು ಬೇಯಿಸಿದರೆ ಯಾರದೂ ಕಸಿದಂತಾಗದು. ಅಳೆದು ನೋಡದೆ ಮಾತ್ರ ಇದು ಗೊತ್ತಾಗುವುದಿಲ್ಲ.

ಹಾಲು ಪಡೆಯುವ ಬಗೆ ಗಾಂಧೀಜಿಯನ್ನೂ ಕಾಡಿತ್ತು. 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರು ಹಾಲು ಬಿಟ್ಟರು. ಹಸು ಎಮ್ಮೆಗಳಿಂದ ಬಲವಂತವಾಗಿ ಹಾಲಿಳಿಸುವ ಫೂಕಾ ಎಂಬ ಕ್ರೂರ ಪದ್ಧತಿ ತಿಳಿದ ಮೇಲೆ ಹೇಸಿ ವ್ರತವೇ ತೊಟ್ಟರು. 1918ರಲ್ಲಿ ಅತಿಸಾರದಿಂದ ಹಾಸಿಗೆ ಹಿಡಿದಾಗ ಹಾಲಿಲ್ಲದೆ ಚೇತರಿಕೆಯಿಲ್ಲ ಎಂದರು ವೈದ್ಯರು. ಆಡಿನ ಹಾಲಿಗೇನು ಅಡ್ಡಿ ಎಂದವರು ಕಸ್ತೂರಬಾ. ಗಾಂಧೀಜಿ ಕುಡಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗನ್ನು ಆತ್ಮಕಥೆಯಲ್ಲಿ ಅಡಗಿಸಿಡದೆ ಬರೆದರು. ಹಸಿರು ಚುಕ್ಕೆಯೂ ಅಕ್ಷರದ್ದೇ ಕೆಲಸ ಮಾಡುತ್ತದೆ, ಕೊರಗು ಮಾತ್ರ ಇಲ್ಲ.

ಆತ್ಮವನ್ನೂ ಉಳಿಸಲು ಹೊರಟವರಿದ್ದಾರೆ. ಲಂಡನ್ನಿನ ಹೊರವಲಯದಲ್ಲಿ, ಜಾರ್ಜ್ ಹ್ಯಾರಿಸನ್ 1973ರಲ್ಲಿ ಕೊಡಿಸಿದ ಭಕ್ತಿವೇದಾಂತ ಮ್ಯಾನರ್‌ನಲ್ಲಿ ಕೃಷ್ಣಭಕ್ತರು ಗೋಶಾಲೆ ನಡೆಸುತ್ತಾರೆ. ಅಲ್ಲಿ ಯಾವ ದನವನ್ನೂ ಕಸಾಯಿಖಾನೆಗೆ ಕಳಿಸುವುದಿಲ್ಲ, ಹೋರಿಗಳನ್ನು ನೊಗಕ್ಕೆ ಕಟ್ಟುತ್ತಾರೆ. ಇಂಥ ಹಾಲನ್ನು ಮಾರಿದರೆ ಗೊಡ್ಡುಹಸುವಿನ, ಎತ್ತಿನ ಮೇವೆಲ್ಲ ಅದರ ಬೆಲೆಯೊಳಗೆ ಸೇರಲೇಬೇಕು.

ಕರ್ನಾಟಕದಲ್ಲಿ 2020ರ ಕಾಯ್ದೆ ಗೋಹತ್ಯೆಯನ್ನು ನಿಷೇಧಿಸಿದೆ, ಮೇವಿನ ಖರ್ಚು ಯಾರದೆಂಬ ಪ್ರಶ್ನೆ ರೈತನ ಹಿತ್ತಲಲ್ಲೇ ಉಳಿದಿದೆ. ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಹೋರಿಗರುವಿಗೆ ನೊಗದ ಕೆಲಸ ಇಲ್ಲ. ಹೆಣ್ಣುಕರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ ಸಿಗುತ್ತದೆ. ಹೋರಿಗರು ಹುಟ್ಟದಂತೆ ಮಾಡಿದರೆ ಕೊಲ್ಲುವ ಪ್ರಶ್ನೆಯೇ ಬರುವುದಿಲ್ಲವೆಂಬ ತರ್ಕ ಅದರದ್ದು. ಮಲೆನಾಡಿನ ಅಡಿಕೆ ಸೀಮೆಯಲ್ಲಿ ಮಾತ್ರ ಹಳೆಯದೊಂದು ಲೆಕ್ಕ ಇನ್ನೂ ಪೂರ್ತಿ ಸತ್ತಿಲ್ಲ. ಮಲೆನಾಡು ಗಿಡ್ಡ ತಳಿಯನ್ನು ಅಲ್ಲಿ ಹಾಲಿಗಿಂತ ಹೆಚ್ಚಾಗಿ ಸಗಣಿಗೇ ಸಾಕಿದ್ದು. ಸೊಪ್ಪು ಹಾಸಿದ ಕೊಟ್ಟಿಗೆಯ ಗೊಬ್ಬರ ತೋಟಕ್ಕೆ ಹೋಗಬೇಕಿತ್ತು, ಸಗಣಿ ಹಾಕುವುದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಈಗ ಎಷ್ಟೋ ತೋಟಗಳಿಗೆ ಬಯಲುಸೀಮೆಯಿಂದ ಲಾರಿಯಲ್ಲಿ ಗೊಬ್ಬರ ಬರುತ್ತದೆ. ಹುಟ್ಟಿದ ಹೋರಿಗರುವನ್ನು ಇಟ್ಟುಕೊಳ್ಳುವುದೋ ಬೇಡವೋ ಎಂಬ ಮಾತೆದ್ದಾಗ ಅಂಥ ಮನೆಯ ಯಜಮಾನ ಮೊದಲು ವಿಚಾರಿಸುವುದು ಈ ವರ್ಷ ಒಂದು ಲೋಡಿಗೆ ಎಷ್ಟಾಗಿದೆ ಎಂದು.