ದೇವರಿಲ್ಲ ಎನ್ನುವವನಿಗೆ ದೇವರ ಗೊಡವೆ ಏಕೆ?

ನಾಸ್ತಿಕರ ಬಗ್ಗೆ ವಿಶ್ವಾಸಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ದೇವರೇ ಇಲ್ಲ ಎಂದ ಮೇಲೆ ಇವರಿಗೆ ದೇವರ ಗೊಡವೆ ಏಕೆ? ಇಲ್ಲದ ಒಂದರ ಮೇಲೆ ಇಷ್ಟೊಂದು ಭಾಷಣ, ಇಷ್ಟೊಂದು ಪುಸ್ತಕ, ಇಷ್ಟೊಂದು ಸಿಟ್ಟು ಏಕೆ? ಮಸೀದಿಯ ಅಂಗಳದಲ್ಲಿ, ಮಠದ ಜಗಲಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಈ ಮಾತು ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಆದರೆ ಹೆಚ್ಚಿನವರು ಇದನ್ನು ಪ್ರಶ್ನೆಯಾಗಿ ಕೇಳುವುದಿಲ್ಲ. ಎದುರಿನವನ ಬಾಯಿ ಮುಚ್ಚಿಸುವ ಉತ್ತರವಾಗಿ ಹೇಳಿಬಿಡುತ್ತಾರೆ. ನಾವಿಲ್ಲಿ ಅದನ್ನು ಪ್ರಶ್ನೆಯಾಗಿಯೇ ಎತ್ತಿಕೊಳ್ಳೋಣ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ: ಇಂಥ ವಾದಗಳಿಂದ ಯಾರ ಮನಸ್ಸಾದರೂ ಬದಲಾದದ್ದುಂಟೆ?

ಗಾಂಧೀಜಿಯವರ ಆತ್ಮಕಥೆಯಲ್ಲಿ ಒಂದು ಸಣ್ಣ ಪ್ರಸಂಗ ಬರುತ್ತದೆ. 1891ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ ತೀರಿಕೊಂಡರು. ಬ್ರಾಡ್ಲಾ ಭಾರತದ ಗೆಳೆಯರು, 1889ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದವರು. ಹಾಗಾಗಿ ಲಂಡನ್ನಿನಲ್ಲಿದ್ದ ಭಾರತೀಯರು ಅವರ ಅಂತ್ಯಕ್ರಿಯೆಗೆ ಹೋದರು. ಕಾನೂನು ಓದುತ್ತಿದ್ದ, ಇಪ್ಪತ್ತೊಂದರ ಹರೆಯದ ಗಾಂಧಿಯೂ ಹೋದರು. ಮರಳಿ ಬರುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ವೀರ ಒಬ್ಬ ಪಾದ್ರಿಯನ್ನು ಹಿಡಿದುಕೊಂಡ. ಭೂಮಿಯ ಸುತ್ತಳತೆ ಇಷ್ಟು ಮೈಲಿ ಎಂದು ಮೊದಲು ಒಪ್ಪಿಸಿ, ಹಾಗಾದರೆ ನಿಮ್ಮ ದೇವರ ಗಾತ್ರವೆಷ್ಟು, ಅವನಿರುವುದೆಲ್ಲಿ ಎಂದು ಕೇಳಿದ. ನಮ್ಮಿಬ್ಬರ ಹೃದಯದಲ್ಲೇ ಇದ್ದಾನೆ ಎಂದರು ಪಾದ್ರಿ. ನನ್ನನ್ನೇನು ಮಗುವೆಂದುಕೊಂಡಿರಾ ಎನ್ನುತ್ತ ಆತ ಗೆದ್ದವನಂತೆ ನೋಡಿದ. ಪಾದ್ರಿ ಸುಮ್ಮನಾದರು. ಪಕ್ಕದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಗಾಂಧಿಗೆ ಏನಾಯಿತು? ನಾಸ್ತಿಕವಾದದ ಬಗ್ಗೆ ಮೊದಲೇ ಇದ್ದ ಅಸಡ್ಡೆ ಇನ್ನಷ್ಟು ಹೆಚ್ಚಿತು ಎಂದು ಅವರೇ ಬರೆದುಕೊಂಡಿದ್ದಾರೆ.

ಪಾದ್ರಿಗೆ ಉತ್ತರ ಹೊಳೆಯಲಿಲ್ಲ, ನಾಸ್ತಿಕ ಗೆದ್ದ, ಆದರೆ ಮೂರನೆಯವನ ಮನಸ್ಸು ಸೋತವನ ಕಡೆ ಹೋಯಿತು. ಆ ವೀರನಿಗೆ ಇದು ಗೊತ್ತೇ ಆಗಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ.

ಆದರೆ ಈ ನಿಲ್ದಾಣದ ನಾಸ್ತಿಕನನ್ನು ನೋಡಿ ಸಮಾಧಿಯೊಳಗಿದ್ದ ನಾಸ್ತಿಕನನ್ನು ಅಳೆಯಬಾರದು. ಬ್ರಾಡ್ಲಾ 1880ರಲ್ಲಿ ನಾರ್ಥಾಂಪ್ಟನ್ನಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದಿದ್ದರು. ದೇವರ ಹೆಸರಿನ ಪ್ರಮಾಣವಚನದ ಬದಲು ಬೇರೆ ರೀತಿಯ ಪ್ರತಿಜ್ಞೆಗೆ ಅವಕಾಶ ಕೇಳಿದರು. ಕೊಡಲಿಲ್ಲ. ಸರಿ, ಪ್ರಮಾಣವನ್ನೇ ಮಾಡುತ್ತೇನೆ ಎಂದರೆ, ನಂಬದವನ ಪ್ರಮಾಣ ಬೇಡ ಎಂದರು. ಜನ ಮತ್ತೆ ಮತ್ತೆ ಅವರನ್ನೇ ಆರಿಸಿ ಕಳಿಸಿದರೂ ಅವರು ತಮ್ಮ ಕುರ್ಚಿಯಲ್ಲಿ ನಿಶ್ಚಿಂತೆಯಿಂದ ಕೂರಲು 1886ರವರೆಗೆ ಕಾಯಬೇಕಾಯಿತು. ಈಗ ಹೇಳಿ, ಈ ಮನುಷ್ಯನಿಗೆ ದೇವರ ಗೊಡವೆ ಏಕೆ ಎಂದು ಕೇಳುವುದು ನ್ಯಾಯವೇ? ಅವರು ದೇವರನ್ನು ಹುಡುಕಿಕೊಂಡು ಹೋಗಿರಲಿಲ್ಲ. ಅವರ ಬಾಗಿಲಿಗೆ ದೇವರ ಹೆಸರು ಹೇಳಿಕೊಂಡು ಬೇರೆಯವರು ಬಂದು ಅಡ್ಡ ನಿಂತಿದ್ದರು. ಒಪ್ಪದವರಿಗೆ ದೇವರ ಹೆಸರಿಲ್ಲದ ಪ್ರತಿಜ್ಞೆಯ ಹಕ್ಕು ಸಿಕ್ಕ 1888ರ ಕಾಯ್ದೆ ಅವರದೇ ಪ್ರಯತ್ನದ ಫಲ.

ಹಾಗೆಂದು ಎಲ್ಲ ನಾಸ್ತಿಕರೂ ಬ್ರಾಡ್ಲಾ ಅಲ್ಲ. ಗೆಲ್ಲುವ ರುಚಿಗಾಗಿಯೇ ವಾದಕ್ಕಿಳಿಯುವವರು ಅವರಲ್ಲೂ ಬೇಕಾದಷ್ಟಿದ್ದಾರೆ, ನಮ್ಮಲ್ಲೂ ಇದ್ದಾರೆ. ಮುನಾಝರಾ ಎಂದರೇನೆಂದು ಉರ್ದು ಓದಿದವರಿಗೆ ವಿವರಿಸಬೇಕಾಗಿಲ್ಲ. ಎರಡು ವೇದಿಕೆ, ಎರಡು ಗುಂಪು, ಕಿತಾಬುಗಳ ರಾಶಿ, ಕೊನೆಯಲ್ಲಿ ಎರಡೂ ಕಡೆ ಜಯಘೋಷ. 1854ರಲ್ಲಿ ಆಗ್ರಾದಲ್ಲಿ ಮೌಲಾನಾ ರಹ್ಮತುಲ್ಲಾಹ್ ಕೈರಾನವಿ ಮತ್ತು ಜರ್ಮನ್ ಪಾದ್ರಿ ಫಾಂಡರ್ ನಡುವೆ ನಡೆದ ಹೆಸರಾಂತ ವಾದದ ಬಳಿಕವೂ ಎರಡೂ ಕಡೆಯವರು ತಮ್ಮ ತಮ್ಮ ವರದಿ ಅಚ್ಚು ಹಾಕಿಸಿದರು. ಯಾರ ವರದಿ ಓದಿದರೆ ಅವರೇ ಮೇಲುಗೈ.

ಇಮಾಮ್ ಅಬೂ ಹನೀಫಾರ ದೋಣಿಯ ಕಥೆಯನ್ನು ಯಾವ ಮುಸ್ಲಿಮ್ ಮಗು ಕೇಳಿಲ್ಲ? ನಾಸ್ತಿಕನೊಂದಿಗೆ ವಾದಕ್ಕೆ ಇಮಾಮರು ತಡವಾಗಿ ಬರುತ್ತಾರೆ. ನದಿ ದಡದಲ್ಲಿ ಮರ ತಾನಾಗಿ ಕಡಿದುಕೊಂಡು, ಹಲಗೆಗಳು ತಾವಾಗಿ ಜೋಡಿಕೊಂಡು ದೋಣಿಯಾಯಿತು, ಅದರಲ್ಲಿ ದಾಟಿ ಬಂದೆ ಎನ್ನುತ್ತಾರೆ. ಇದೆಂಥ ಹುಚ್ಚುಮಾತು ಎಂದು ನಾಸ್ತಿಕ ನಗುತ್ತಾನೆ, ಅಲ್ಲಿಗೆ ಸಿಕ್ಕಿಬೀಳುತ್ತಾನೆ. ಸೊಗಸಾದ ಕಥೆ, ನಮಗೂ ಪ್ರಿಯವಾದದ್ದು. ಆದರೆ ಕಥೆ ಬರೆಯುವವರಾಗಿ ಒಂದು ಮಾತು ಹೇಳಬೇಕು: ಅದರಲ್ಲಿ ನಾಸ್ತಿಕನಿಗೆ ಸಿಗುವುದು ಒಂದೇ ಒಂದು ಸಂಭಾಷಣೆ. ಕಥೆ ನಮ್ಮದಾದ್ದರಿಂದ ಅವನು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನಿಜವಾದ ನಾಸ್ತಿಕ ಕೇಳುತ್ತಾನೆ.

ಇದರ ಇನ್ನೊಂದು ಮಗ್ಗುಲೂ ಇದೆ. ಚಾರ್ವಾಕರು ಏನು ಹೇಳುತ್ತಿದ್ದರೆಂದು ನಮಗೆ ತಿಳಿದಿರುವುದು ಬಹುಪಾಲು ಅವರ ಎದುರಾಳಿಗಳಿಂದ. ವಿಜಯನಗರದ ಕಾಲದ ಮಾಧವಾಚಾರ್ಯರು 'ಸರ್ವದರ್ಶನ ಸಂಗ್ರಹ'ದ ಮೊದಲ ಅಧ್ಯಾಯವನ್ನೇ ಚಾರ್ವಾಕರಿಗೆ ಕೊಟ್ಟರು. ನಮ್ಮಲ್ಲಿ ಇಬ್ನುರ್ರಾವಂದಿ ಎಂಬ ಸಂದೇಹಿಯ ಗ್ರಂಥಗಳು ಕಳೆದುಹೋದವು. ಅವುಗಳಲ್ಲೊಂದರ ಬಹಳಷ್ಟು ಮಾತುಗಳು ಉಳಿದದ್ದು ಅದನ್ನು ಖಂಡಿಸಲೆಂದು ಅಲ್ ಖಯ್ಯಾತ್ ಬರೆದ ಪುಸ್ತಕದಲ್ಲಿ. ವಾದದಲ್ಲಿ ಮನಸ್ಸು ಬದಲಾಗದಿರಬಹುದು, ಆದರೆ ಎದುರಾಳಿಯ ಮಾತನ್ನು ಸರಿಯಾಗಿ ಬರೆದಿಡುವಷ್ಟು ಪ್ರಾಮಾಣಿಕತೆ ಆ ಹಿರಿಯರಲ್ಲಿತ್ತು. ಇವತ್ತು ಎದುರಿನವನ ಮಾತನ್ನು ಅವನೇ ಒಪ್ಪುವ ಹಾಗೆ ಮರಳಿ ಹೇಳಬಲ್ಲವರು ನೂರಕ್ಕೆ ಎಷ್ಟು ಮಂದಿ ಸಿಕ್ಕಾರು?

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 258ನೇ ಸೂಕ್ತದಲ್ಲಿ ಪ್ರವಾದಿ ಇಬ್ರಾಹೀಮರು(ಅ) ಒಬ್ಬ ರಾಜನೊಂದಿಗೆ ನಡೆಸಿದ ವಾದವಿದೆ. (ಆ ರಾಜ ನಾಸ್ತಿಕನಲ್ಲ, ಅಧಿಕಾರದ ಅಮಲಿನಲ್ಲಿ ತಾನೇ ದೇವರೆಂಬಂತೆ ಮಾತಾಡಿದವನು, ಅದು ಬೇರೆ ರೋಗ.) ಪೂರ್ವದಲ್ಲಿ ಹುಟ್ಟುವ ಸೂರ್ಯನನ್ನು ಪಶ್ಚಿಮದಿಂದ ತಾ ನೋಡೋಣ ಎಂದಾಗ ರಾಜ ತಬ್ಬಿಬ್ಬಾಗುತ್ತಾನೆ. ಗಮನಿಸಬೇಕು, ಅವನು ವಿಶ್ವಾಸಿಯಾದ ಎಂದು ಅಲ್ಲಿಲ್ಲ. ನಿರುತ್ತರನಾದ, ಅಷ್ಟೆ. ಇನ್ನೂ ಎರಡು ಸೂಕ್ತ ದಾಟಿದರೆ ಅದೇ ಇಬ್ರಾಹೀಮರು ಅಲ್ಲಾಹನ ಮುಂದೆ ನಿಂತು, ಸತ್ತವರನ್ನು ನೀನು ಹೇಗೆ ಬದುಕಿಸುತ್ತೀ, ನನಗೆ ತೋರಿಸು ಎಂದು ಕೇಳುತ್ತಾರೆ. ನಿನಗೆ ನಂಬಿಕೆಯಿಲ್ಲವೇ ಎಂದಾಗ, ನಂಬಿಕೆಯಿದೆ, ಆದರೆ ಹೃದಯಕ್ಕೆ ಸಮಾಧಾನ ಬೇಕು ಎನ್ನುತ್ತಾರೆ. ಗದರಿಕೆ ಬರುವುದಿಲ್ಲ. ನಾಲ್ಕು ಹಕ್ಕಿಗಳ ದೃಷ್ಟಾಂತ ಬರುತ್ತದೆ. ರಾಜನ ಬಾಯಿ ಕಟ್ಟಿಸಿದ ತರ್ಕ ಪ್ರವಾದಿಯ ಸ್ವಂತ ಹೃದಯಕ್ಕೆ ಸಾಲದಾಯಿತು ಎಂದು ಇದನ್ನು ಓದಿದರೆ ತಪ್ಪಾಗಲಾರದು.

ಇಮಾಮ್ ಗಝ್ಝಾಲಿಯವರಂತೂ ತಮ್ಮ ಸಂದೇಹದ ದಿನಗಳನ್ನು ಮುಚ್ಚಿಡಲೇ ಇಲ್ಲ. ಬಗ್ದಾದಿನ ನಿಝಾಮಿಯಾದ ದೊಡ್ಡ ಹುದ್ದೆಯನ್ನು 1095ರಲ್ಲಿ ಬಿಟ್ಟು ಹೊರಟವರು ಅವರು. ತನ್ನನ್ನು ಸಂದೇಹದಿಂದ ಎತ್ತಿದ್ದು ಪ್ರಮಾಣಗಳ ಸರಪಳಿಯಲ್ಲ, ಅಲ್ಲಾಹನು ಎದೆಯೊಳಗೆ ಹಾಕಿದ ಬೆಳಕು ಎಂಬ ಅರ್ಥದ ಮಾತನ್ನು ಬರೆದಿದ್ದಾರೆ. ತರ್ಕದಲ್ಲಿ ಆ ಕಾಲಕ್ಕೆ ಅವರನ್ನು ಮೀರಿಸಿದವರಿಲ್ಲ. ಅಂಥವರೇ ತರ್ಕದಿಂದ ಒಳಗೆ ಬರಲಿಲ್ಲವೆಂದ ಮೇಲೆ, ನೆರೆಮನೆಯ ಹುಡುಗನನ್ನು ಒಂದು ಸಂಜೆಯ ತರ್ಕದಲ್ಲಿ ಒಳಗೆ ತರುತ್ತೇವೆಂದು ಹೊರಡುವವರಿಗೆ ಏನು ಹೇಳುವುದು? ಹೊರಗೆ ಎಳೆಯುತ್ತೇವೆಂದು ಹೊರಡುವ ನಾಸ್ತಿಕರಿಗೂ ಇದೇ ಮಾತು.

ಮತ್ತೆ ಗಾಂಧೀಜಿಯ ಬಳಿಗೆ ಬರೋಣ. ನಿಲ್ದಾಣದ ಘಟನೆಯಾಗಿ ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1944ರ ಕೊನೆಯಲ್ಲಿ, ಸೇವಾಗ್ರಾಮಕ್ಕೆ ಆಂಧ್ರದ ಒಬ್ಬ ನಾಸ್ತಿಕ ಬಂದರು. ಹೆಸರು ಗೋಪರಾಜು ರಾಮಚಂದ್ರರಾವ್, ಜನ ಕರೆಯುವುದು ಗೋರಾ ಎಂದು. ಸಸ್ಯಶಾಸ್ತ್ರದ ಅಧ್ಯಾಪಕರು, ನಾಸ್ತಿಕರೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡವರು. ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ 1940ರಲ್ಲಿ ನಾಸ್ತಿಕ ಕೇಂದ್ರ ತೆರೆದು ಅಸ್ಪೃಶ್ಯತೆಯ ವಿರುದ್ಧ ಕೆಲಸ ಮಾಡುತ್ತಿದ್ದರು. 1943ರ ಬಂಗಾಳದ ಬರಗಾಲದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಜನ ಮಿಠಾಯಿ ಅಂಗಡಿಗಳ ಪಕ್ಕದಲ್ಲೇ ಕೈ ಚಾಚದೆ ಸತ್ತದ್ದನ್ನು ಅವರು ಕಂಡಿದ್ದರು. ಹಣೆಬರಹ ಎಂಬ ನಂಬಿಕೆಯೇ ಆ ಕೈಗಳನ್ನು ಕಟ್ಟಿತ್ತು ಎಂಬುದು ಅವರ ತೀರ್ಮಾನ. ಆ ತೀರ್ಮಾನವನ್ನು ನಾವು ಪೂರ್ತಿ ಒಪ್ಪುವುದಿಲ್ಲ. ನಂಬಿಕೆಯೇ ಜನರನ್ನು ಎಬ್ಬಿಸಿ ನಿಲ್ಲಿಸಿದ ಉದಾಹರಣೆಗಳೂ ಇತಿಹಾಸದಲ್ಲಿವೆ. ಆದರೆ ಹಸಿದು ಸಾಯುವವರನ್ನು ನೋಡಿ ಹುಟ್ಟಿದ ನಾಸ್ತಿಕತೆಗೂ, ಭೂಮಿಯ ಸುತ್ತಳತೆ ಕೇಳುವ ನಾಸ್ತಿಕತೆಗೂ ಇರುವ ದೂರವನ್ನು ಕಾಣದಿದ್ದರೆ ಹೇಗೆ?

ಗಾಂಧೀಜಿ ದೇವರ ಅಸ್ತಿತ್ವವನ್ನು ಸಾಧಿಸಲು ಹೊರಡಲಿಲ್ಲ. ಹಳ್ಳಿಯಲ್ಲಿ ಏನು ಮಾಡುತ್ತೀ, ನಾಸ್ತಿಕತೆಯಿಂದ ಆ ಕೆಲಸಕ್ಕೇನು ಲಾಭ ಎಂದು ಕೇಳಿದರು. ಮುಂದಿನ ಮಾತುಕತೆಗಳಲ್ಲಿ, ನನ್ನ ಆಸ್ತಿಕತೆ ಸರಿ, ನಿನ್ನ ನಾಸ್ತಿಕತೆ ತಪ್ಪು ಎಂದು ನಾನು ಹೇಳಲಾರೆ, ಇಬ್ಬರೂ ಕೆಲಸ ಮಾಡೋಣ, ನಾನು ನಿನ್ನ ಕಡೆ ಬರಬಹುದು, ನೀನು ನನ್ನ ಕಡೆ ಬರಬಹುದು, ಇಬ್ಬರೂ ಮೂರನೆಯ ದಾರಿ ಹಿಡಿಯಬಹುದು ಎಂಬರ್ಥದ ಮಾತನ್ನಾಡಿದರು. ಯಾರೂ ಯಾರ ಕಡೆಗೂ ಬರಲಿಲ್ಲ. ಗಾಂಧೀಜಿ ರಾಮನಾಮ ಬಿಡಲಿಲ್ಲ, 1975ರಲ್ಲಿ ತೀರಿಕೊಳ್ಳುವವರೆಗೆ ಗೋರಾ ನಾಸ್ತಿಕರಾಗಿಯೇ ಇದ್ದರು. ಆದರೆ ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿಕೊಂಡ ಸಮುದಾಯದ ಯುವಕನಿಗೆ ಕೊಡಲು ನಿರ್ಧರಿಸಿದಾಗ, ಆ ಮದುವೆಯನ್ನು ಸೇವಾಗ್ರಾಮದಲ್ಲೇ ಮಾಡಿಸಲು ಗಾಂಧೀಜಿ ಒಪ್ಪಿದರು. ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರನ್ನು ಇಡಲೂ ಒಪ್ಪಿದರು. ಅವರ ಹತ್ಯೆಯ ನಂತರ, 1948ರ ಮಾರ್ಚಿನಲ್ಲಿ, ಆ ಮದುವೆ ಅಲ್ಲೇ ನಡೆಯಿತು. ಗೋರಾ ಈ ಮಾತುಕತೆಗಳನ್ನೆಲ್ಲ ಬರೆದ ಪುಸ್ತಕವನ್ನು 1951ರಲ್ಲಿ ಪ್ರಕಟಿಸಿದ್ದು ಗಾಂಧೀಜಿಯದೇ ನವಜೀವನ ಪ್ರಕಾಶನ.

ಕನ್ನಡದಲ್ಲೂ ಈ ಧಾಟಿಗೆ ಕೊರತೆಯಿಲ್ಲ. ಎ.ಎನ್. ಮೂರ್ತಿರಾಯರು ತಮ್ಮ ತೊಂಬತ್ತರ ಆಸುಪಾಸಿನಲ್ಲಿ 'ದೇವರು' ಬರೆದರು. ದೇವರಿಲ್ಲ ಎನ್ನುವ ಆ ಪುಸ್ತಕ ನಂಬುವವರ ಮನೆಗಳ ಕಪಾಟಿನಲ್ಲೂ ಇದೆ. ಅದನ್ನು ಓದಿ ನಮಾಜು ಬಿಟ್ಟವರನ್ನು, ಪೂಜೆ ಬಿಟ್ಟವರನ್ನು ನಾವು ಕಂಡಿಲ್ಲ. ಒಪ್ಪದೆಯೂ ಕೊನೆಯ ಪುಟದವರೆಗೆ ಓದಿದವರನ್ನು ಕಂಡಿದ್ದೇವೆ.

ನಮ್ಮ ಮುಶಾಯಿರಾಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಕವಿ ಶೇಖನನ್ನು ಗೇಲಿ ಮಾಡುತ್ತಾನೆ, ಸ್ವರ್ಗದ ಬಗ್ಗೆ ಸಂಶಯ ಎತ್ತುತ್ತಾನೆ, ದೇವರೊಡನೆ ಜಗಳಕ್ಕೆ ನಿಲ್ಲುತ್ತಾನೆ. ಇಶಾ ನಮಾಜು ಮುಗಿಸಿ ಬಂದು ಕುಳಿತವರೇ ವಾಹ್ ವಾಹ್ ಎನ್ನುತ್ತಾರೆ. ಅದೇ ಮಾತನ್ನು ಅದೇ ಊರಿನ ಹುಡುಗ ಚಹಾದಂಗಡಿಯಲ್ಲಿ ಗದ್ಯದಲ್ಲಿ ಹೇಳಿದರೆ ಮುಖಗಳು ಬಿಗಿಯುತ್ತವೆ. ಪ್ರಾಸವಿಲ್ಲದ ಸಂಶಯಕ್ಕೆ ನಮ್ಮಲ್ಲಿ ಜಾಗವಿಲ್ಲ. ಆ ಹುಡುಗನೋ, ಉತ್ತರ ಸಿಗದೆ, ಗದರಿಕೆ ಮಾತ್ರ ಸಿಕ್ಕಿ, ಇನ್ನಷ್ಟು ಗಟ್ಟಿಯಾಗಿ ಕೂಗುವವನಾಗುತ್ತಾನೆ. ವಿಶ್ವಾಸಿಗಳ ಜೊತೆ ಹಟ ಹಿಡಿದು ವಾದಿಸುವ ಎಷ್ಟೋ ನಾಸ್ತಿಕರು ಹೀಗೆ ತಮ್ಮದೇ ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದೇ ಹೋದವರು. ಅವರು ಬಂದು ಬಂದು ಕದ ತಟ್ಟುವುದು ಒಳಗಿನವರ ಮೇಲಿನ ದ್ವೇಷದಿಂದಲೇ ಎಂದು ತೀರ್ಮಾನಿಸಬೇಕಾಗಿಲ್ಲ. ಒಳಗಿರುವುದು ತಾಯಿ, ತಂದೆ, ಅಣ್ಣ, ತಮ್ಮ.

2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಗುಂಡಿಗೆ ಬಲಿಯಾದಾಗ ಮುಸ್ಲಿಮ್ ಸಮುದಾಯದಿಂದಲೂ ಖಂಡನೆಯ ದನಿ ಎದ್ದಿತು, ಏಳಲೇಬೇಕಿತ್ತು. 2017ರ ಮಾರ್ಚಿನಲ್ಲಿ ಕೊಯಮತ್ತೂರಿನಲ್ಲಿ 31 ವರ್ಷದ ಫಾರೂಕ್ ಎಂಬ ಯುವಕನನ್ನು ರಾತ್ರಿ ಇರಿದು ಕೊಂದರು. ಪೆರಿಯಾರ್ ಪರಂಪರೆಯ ದ್ರಾವಿಡರ್ ವಿಡುದಲೈ ಕಳಗಂನ ಕಾರ್ಯಕರ್ತ, ಬಹಿರಂಗವಾಗಿ ನಾಸ್ತಿಕ. ಈ ಕೊಲೆಗಾಗಿ ಬಂಧಿತರಾದವರು ಮುಸ್ಲಿಮರು. ದಾಭೋಲ್ಕರ್‌ಗೆ, ಕಲಬುರ್ಗಿಗೆ ಎದ್ದ ದನಿ ಇಲ್ಲಿಯೂ ಅಷ್ಟೇ ಗಟ್ಟಿಯಾಗಿ ಏಳಬೇಕು. ಒಂದು ಕಡೆ ಗಟ್ಟಿ, ಒಂದು ಕಡೆ ಪಿಸುಮಾತು ಎಂದಾದರೆ ಅದನ್ನು ಖಂಡನೆ ಎನ್ನಲಾಗದು.

ಫಾರೂಕ್ ತನ್ನ ಸುತ್ತಲಿನವರೊಂದಿಗೆ ವಾದಿಸಿ ಎಷ್ಟು ಮಂದಿಯ ಮನಸ್ಸು ಬದಲಿಸಿದ್ದನೋ ತಿಳಿಯದು. ಅವನ ತಂದೆ ದೇವರನ್ನು ನಂಬಿದವರು, ಮಗ ಬದುಕಿದ್ದಷ್ಟು ಕಾಲವೂ ನಂಬಿಯೇ ಇದ್ದವರು. ಮಗನನ್ನು ದಫನ ಮಾಡಿದ ಕೆಲವೇ ದಿನಗಳಲ್ಲಿ ಅವರು ಪತ್ರಕರ್ತರ ಮುಂದೆ, ಮಗ ದುಡಿದ ಸಂಘಟನೆಯನ್ನು ತಾನೂ ಸೇರುತ್ತೇನೆ ಎಂದರು.